ಚೌಡಪ್ಪ ನಾಯ್ಕರ ಸೊಂಟದಲ್ಲಿದ್ದ ಕಬ್ಬಿಣ

ಎಕ್ಸ್‌ರೇ ವಿಭಾಗಕ್ಕೆ ಹೊಸದಾಗಿ ಸೇರಿದ ಮಕ್ಕಳು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಕತ್ತಲಾಗಿತ್ತು ಎನ್ನುತ್ತೇನೆ. ತಮಾಷೆಗೆ ಹೇಳುವುದಲ್ಲ. ಆಗ ಫಿಲ್ಮು ತೊಳೆಯಲು ಡಾರ್ಕ್ ರೂಮು ಎಂಬ ಕತ್ತಲೆ ಕೋಣೆ ಇತ್ತು. ಕೆಂಪು ದೀಪವೊಂದನ್ನು ಬಿಟ್ಟರೆ ಅಲ್ಲಿ ಯಾವ ಬೆಳಕೂ ಬರಬಾರದು. ಒಮ್ಮೆ ತಪಾಸಣೆಗೆ ಬಂದ ಮೇಲಧಿಕಾರಿಗಳು ಆ ಕೋಣೆಯನ್ನು ನೋಡಿ "ಬೆಳಕಿನ ವ್ಯವಸ್ಥೆ ಸಮರ್ಪಕವಾಗಿಲ್ಲ" ಎಂದು ಷರಾ ಬರೆದು ಹೋದರು. ಮರುವಾರವೇ ಟ್ಯೂಬ್‌ಲೈಟು ಬಂತು. ಇಲಾಖೆ ಅಷ್ಟು ಬೇಗ ಏನನ್ನಾದರೂ ಕಳಿಸಿದ್ದು ನನ್ನ ಇಡೀ ನೌಕರಿಯಲ್ಲಿ ಅದೊಂದೇ ಸಲ.

ನಾನು ಬನವಾಸಿ ಕಡೆಯವಳು. ನನ್ನ ನೌಕರಿಯೆಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲೇ ಸುತ್ತಿ ಮುಗಿಯಿತು. ಮುಂದೆ ಹೇಳುವುದು ಯಾವ ಆಸ್ಪತ್ರೆಯಲ್ಲಿ ನಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಮೂರೂ ಕಡೆಯವರು ಇದು ಪಕ್ಕದ ತಾಲೂಕಿನ ಕಥೆ ಎಂದು ನೆಮ್ಮದಿಯಿಂದ ಓದಿಕೊಳ್ಳಲಿ.

ನಮ್ಮ ಜನ ಎಕ್ಸ್‌ರೇ ಎನ್ನುವುದಿಲ್ಲ, ಫೋಟೋ ಎನ್ನುತ್ತಾರೆ. ಹಾಗಾಗಿ ನಾನು ಎಲ್ಲರಿಗೂ "ಫೋಟೋ ಅಕ್ಕೋರು". ತಲೆ ಬಾಚಿಕೊಂಡು, ಪೌಡರು ಹಚ್ಚಿಕೊಂಡು ಬಂದು ಎದೆಯ ಫೋಟೋಕ್ಕೆ ನಿಂತವರನ್ನು ಕಂಡಿದ್ದೇನೆ. ಎಲುಬಿಗೆ ಪೌಡರು ತಾಗುವುದಿಲ್ಲ ಎಂದು ಹೇಳಿ ಅವರ ಸಂಭ್ರಮ ಕೆಡಿಸಿದವಳಲ್ಲ. ಈ ಕೆಲಸದ ಒಂದು ವಿಚಿತ್ರ ಮೊದಲೇ ತಿಳಿದಿರಲಿ. ಎಲ್ಲರ ಒಳಗೂ ನಿಮಗೆ ಕಾಣುತ್ತದೆ, ಆದರೆ ಕಂಡದ್ದನ್ನು ಹೇಳುವ ಅಧಿಕಾರ ನಿಮಗಿಲ್ಲ. ಹೇಳಬೇಕಾದವರು ಡಾಕ್ಟರು. ಅವರು ಹೇಳಿದ್ದನ್ನು ನಂಬಬೇಕಾದವರು ಇನ್ನೆಲ್ಲೋ ದೂರದಲ್ಲಿ ಕುರ್ಚಿಯ ಮೇಲೆ ಕೂತಿರುತ್ತಾರೆ. ಆ ಕುರ್ಚಿಯ ಕಥೆಯನ್ನೇ ಹೇಳಹೊರಟಿದ್ದೇನೆ.

ಚೌಡಪ್ಪ ನಾಯ್ಕರು ಕಾನಸೂರಿನ ಕಡೆಯವರು. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಬಂದವರು. ಊರಲ್ಲಿ ಗದ್ದೆ ಮಾಡಿಕೊಂಡಿದ್ದರು. ಎಡಗಾಲನ್ನು ಎಳೆದು ಹಾಕುತ್ತಾ ನಡೆಯುತ್ತಿದ್ದರು. ನನ್ನ ಕೋಣೆಗೆ ಅವರು ಮೊದಲ ಸಲ ಬಂದದ್ದು ಸೊಂಟನೋವೆಂದು. ಮೇಜಿನ ಮೇಲೆ ಮಲಗಿಸಿ, "ಅಲುಗಾಡಬ್ಯಾಡ್ರಿ" ಅಂದೆ. ಆ ಮನುಷ್ಯ ಮಲಗಿದಲ್ಲೇ ಅಟೆನ್ಷನ್‌ಗೆ ಬಂದರು. ಅಷ್ಟು ಅಲುಗಾಡದ ರೋಗಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಫಿಲ್ಮು ತೊಳೆದು ದೀಪಕ್ಕೆ ಹಿಡಿದರೆ ಸೊಂಟದ ಎಲುಬಿನ ಸುತ್ತ ಬಿಳಿ ಚುಕ್ಕೆಗಳು. ಒಂದು ದೊಡ್ಡದು, ಮೂಲೆ ಮುರಿದ ಹಂಚಿನ ತುಂಡಿನ ಹಾಗೆ. ಉಳಿದವು ರಾಗಿ ಚೆಲ್ಲಿದಂತೆ. ಎಲುಬಿಗಿಂತ ಬಿಳಿ ಎಂದರೆ ಅದು ಲೋಹವೇ. ನಮ್ಮ ಸರ್ಜನ್ ಹೆಗಡೆ ಡಾಕ್ಟರು ಹೆಗಡೆಕಟ್ಟಾ ಕಡೆಯವರು, ಮಾತು ಕಡಿಮೆ. ಫಿಲ್ಮು ನೋಡಿ ಕನ್ನಡಕ ತೆಗೆದರು.

"ಎಂತ ನಾಯ್ಕರೆ ಇದು? ಹಾರ್ಡ್‌ವೇರ್ ಅಂಗಡಿ ಇಟ್ಕಂಡೀರಿ?"

"ಮಾರ್ಟರ್ ಚೂರು ಡಾಕ್ಟ್ರೆ. ಬಾಂಬು ಹತ್ರ ಬಿದ್ದು ಸಿಡೀತು. ದೊಡ್ಡದೊಂದು ಅಲ್ಲೇ ಮಿಲಿಟ್ರಿ ಆಸ್ಪತ್ರೇಲಿ ತೆಗ್ದ್ರು. ಉಳಿದದ್ದು ಇರ್ಲಿ ಅಂದ್ರು. ಇದ್ವು."

"ಹಂಗಾದ್ರೆ ನಿಮಗೆ ಪದಕ ಬಂದಿರ್ಬೇಕಲ? ಯುದ್ಧದಲ್ಲಿ ಗಾಯ ಆದವ್ರಿಗೆ ಕೊಡ್ತ್ರಲ."

ನಾಯ್ಕರು ನಕ್ಕರು. "ಅದಕ್ಕೇ ಡಾಕ್ಟ್ರೆ, ಈ ಫೋಟೋ ಒಂದು ನಂಗೆ ಬೇಕು. ಅವ್ರಿಗೆ ಕಳಿಸ್ಬೇಕು."

ವಿಷಯ ಹೀಗಿತ್ತು. ಗಾಯವಾದ ಬೆಳಿಗ್ಗೆ ದಟ್ಟ ಮಂಜು. ನಾಯ್ಕರನ್ನು ಸ್ಟ್ರೆಚರಿನಲ್ಲಿ ಎತ್ತಿ ಆಂಬುಲೆನ್ಸ್ ಗಾಡಿಗೆ ಹಾಕಿದರು. ಸುತ್ತ ಬಾಂಬು ಬೀಳುತ್ತಿದ್ದ ಹಾದಿಯಲ್ಲಿ ಗಾಡಿ ಹೊರಟಿತು, ಮಂಜಿನಲ್ಲಿ ಹಾದಿ ತಪ್ಪಿ ಹೊಂಡಕ್ಕೆ ಮಗುಚಿತು. ಇನ್ನೊಂದು ಗಾಡಿ ಬಂದು ಅವರನ್ನು ಆಸ್ಪತ್ರೆಗೆ ಸಾಗಿಸಿತು. ಆಸ್ಪತ್ರೆಯಲ್ಲಿ ಬರೆದುಕೊಳ್ಳುವವನು, "ಎಲ್ಲಿಂದ ತಂದಿರಿ?" ಎಂದು ಕೇಳಿದ. ತಂದವರು, "ಮಗುಚಿದ ಗಾಡಿಯಿಂದ" ಅಂದರು. ಅವನು ಬರೆದ: ವಾಹನ ಅಪಘಾತ. ಅಲ್ಲಿಗೆ ಶತ್ರುವಿನ ಬಾಂಬಿಗೆ ಖುಲಾಸೆಯಾಯಿತು.

ಪದಕ ಕೊಡುವುದು ಶತ್ರುವಿನಿಂದ ಗಾಯವಾದವರಿಗೆ ಮಾತ್ರ. ಗಾಡಿ ಮಗುಚಿದರೆ ಇಲ್ಲ. ಆದ್ದರಿಂದ ದೂರದ ಊರಿನ ದಾಖಲೆ ಕಚೇರಿ ಅವರ ಪ್ರತಿ ಅರ್ಜಿಗೂ ಒಂದೇ ಉತ್ತರ ಕೊಡುತ್ತಿತ್ತು. ನಾಯ್ಕರು ಈಗ ಕಂಡುಕೊಂಡ ಉಪಾಯ ನನ್ನ ಫೋಟೋ. ಸೊಂಟದಲ್ಲಿ ಚೂರುಗಳಿರುವುದನ್ನು ಕಣ್ಣಾರೆ ಕಂಡರೆ ಅವರು ಒಪ್ಪದೆ ಇರುತ್ತಾರೆಯೇ ಎಂದು ಅವರ ಲೆಕ್ಕಾಚಾರ. ನನಗೂ ಹಾಗೇ ಅನಿಸಿತು. ನನಗೆ ಆಗ ಸರ್ಕಾರದ ಪರಿಚಯ ಅಷ್ಟು ಆಗಿರಲಿಲ್ಲ.

ಹೆಗಡೆ ಡಾಕ್ಟರು ವರದಿ ಬರೆದರು, ನಾಯ್ಕರು ಫಿಲ್ಮು ಕಳಿಸಿದರು. ಅದು ಹೋದಷ್ಟೇ ನಿಷ್ಠೆಯಿಂದ ವಾಪಸು ಬಂತು, ನಾಲ್ಕು ಮಡಿಕೆಯಾಗಿ. ಜೊತೆಗೆ ಉತ್ತರ: "ಚಿತ್ರವು ಮಡಿಚಿರುವುದರಿಂದ ಪರಿಶೀಲನೆಗೆ ಯೋಗ್ಯವಾಗಿಲ್ಲ." ಮಡಿಚಿದವರು ಯಾರು ಎಂದು ಅದರಲ್ಲಿರಲಿಲ್ಲ. ನಾಯ್ಕರು ಮತ್ತೆ ಬಂದರು, ಮತ್ತೆ ಅಟೆನ್ಷನ್‌ನಲ್ಲಿ ಮಲಗಿದರು. ಈ ಸಲ ಎರಡು ಹಲಗೆಗಳ ನಡುವೆ ಫಿಲ್ಮು ಇಟ್ಟು ಕಟ್ಟಿ ಕಳಿಸಿದೆವು. ಹಲಗೆಯ ದೆಸೆಯಿಂದ ಉತ್ತರಕ್ಕೆ ಘನತೆ ಬಂತು. ಅದರಲ್ಲಿ ಬರೆದಿತ್ತು: "ಚಿತ್ರದಲ್ಲಿ ಕಾಣುವ ಲೋಹದ ತುಂಡುಗಳು ಅಪಘಾತಕ್ಕೀಡಾದ ವಾಹನದ್ದಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ನಾನು ಓದಿ ಹೇಳಿದಾಗ ನಾಯ್ಕರು ಹಲಗೆಗಳನ್ನು ಮತ್ತೆ ಜೋಡಿಸಿ ಕಟ್ಟತೊಡಗಿದರು. ಹೆಗಡೆ ಡಾಕ್ಟರಿಗೆ ಮಾತ್ರ ಸಿಟ್ಟು ಬಂತು. "ಗಾಯ ಆಗ್ದೆ ಇದ್ದವ ಆಂಬುಲೆನ್ಸ್ ಒಳಗೆ ಎಂತಕ್ಕೆ ಕೂತಿದ್ದ, ಹವಾ ತಗಳಕ್ಕಾ? ಅದನ್ನೂ ಕೇಳಿ ಬರೀರಿ." ಬರೆದೆವು. ಆ ಪ್ರಶ್ನೆಗೆ ಬಹಳ ದಿನ ಉತ್ತರವಿಲ್ಲ. ಕೊನೆಗೆ ಬಂದದ್ದು: "ಆ ಕುರಿತು ದಾಖಲೆ ಲಭ್ಯವಿಲ್ಲ."

ಇಷ್ಟರಲ್ಲಿ ನಮ್ಮಲ್ಲಿ ಹೊಸ ಯಂತ್ರ ಬಂತು. ಡಾರ್ಕ್ ರೂಮಿಗೆ ಬೀಗ ಬಿತ್ತು. ಈಗ ಚಿತ್ರ ಕಂಪ್ಯೂಟರಿನಲ್ಲಿ ಮೂಡುತ್ತದೆ, ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದು. ಉದ್ಘಾಟನೆಗೆ ಬಂದವರೊಬ್ಬರು ತಮ್ಮದೇ ಕೈ ಇಟ್ಟು ಫೋಟೋ ತೆಗೆಸಿಕೊಂಡರು. ಉಂಗುರ ಕಂಡು ಸಂತೋಷಪಟ್ಟರು. ಯಂತ್ರ ಚಲೋ ಇತ್ತು. ಅದರ ಜೊತೆ ಬರಬೇಕಾದ ಪ್ರಿಂಟರು ಬಂದಿರಲಿಲ್ಲ, ಅಷ್ಟೇ. ಹಾಗಾಗಿ ಚಿತ್ರವನ್ನು ಸೀಡಿಯಲ್ಲಿ ಹಾಕಿ ಕೊಡುತ್ತಿದ್ದೆವು. ಮನೆಯಲ್ಲಿ ಕಂಪ್ಯೂಟರಿಲ್ಲದ ಅಜ್ಜಿಯರು ಸೀಡಿಯನ್ನು ಕನ್ನಡಿಯಂತೆ ತಿರುಗಿಸಿ ನೋಡಿ, "ಎಂತದೂ ಇಲ್ಲೆ, ಆರಾಮಿದ್ದಿ" ಎಂದುಕೊಂಡು ಹೋಗುತ್ತಿದ್ದರು.

ನಾಯ್ಕರು ಸೀಡಿಯನ್ನೂ ಕಳಿಸಿದರು. "ಭದ್ರತಾ ಕಾರಣಗಳಿಂದ ಹೊರಗಿನ ಸೀಡಿಗಳನ್ನು ಈ ಕಚೇರಿಯ ಗಣಕಯಂತ್ರಗಳಲ್ಲಿ ತೆರೆಯುವಂತಿಲ್ಲ" ಎಂಬ ಉತ್ತರ ಬಂತು. ಬಾಂಬಿನ ಚೂರಿಗೆ ಹೆದರದ ದೇಶ ಸೀಡಿಗೆ ಹೆದರಿತು.

ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ನಾಯ್ಕರ ಬಗ್ಗೆ ಮಾತು ಶುರುವಾಗಿತ್ತು. ನಮ್ಮ ಮುಖ್ಯ ವೈದ್ಯಾಧಿಕಾರಿಗಳನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರು ಒಂದು ದಿನ ನನ್ನನ್ನು ಕರೆಸಿ, "ಆ ಮುದುಕನಿಗೆ ಎಷ್ಟು ಎಕ್ಸ್‌ರೇ ತೆಗೀತೀರಿ? ಪದಕ ಬಂದ್ರೆ ಪಿಂಚಣಿ ಜಾಸ್ತಿ ಆಗ್ತದೆ, ಅದಕ್ಕೇ ಒದ್ದಾಡ್ತಾನೆ" ಅಂದರು. ಸಾಹೇಬರು ಮನುಷ್ಯರನ್ನು ಬಹಳ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು. ತಮ್ಮನ್ನು ಕನ್ನಡಿಯಲ್ಲಿ ನೋಡಿಕೊಂಡು ಉಳಿದವರನ್ನು ಅರ್ಥ ಮಾಡಿಕೊಳ್ಳುವ ಪೈಕಿ.

ಆದರೂ ನನ್ನ ತಲೆಯಲ್ಲಿ ಪ್ರಶ್ನೆ ಕೂತಿತು. ಮುಂದಿನ ಸಲ ಬಂದಾಗ ನೇರವಾಗಿಯೇ ಕೇಳಿದೆ.

"ಕುಂದರ್ರಿ ನಾಯ್ಕರೆ. ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ವಯಸ್ಸಿನ್ಯಾಗ ಪದಕ ತಗೊಂಡು ಏನು ಮಾಡ್ತೀರಿ?"

"ನಂಗೆ ಎಂತಕ್ಕೆ ಅಕ್ಕೋರೆ ಅದು? ಗದ್ದೆಗೆ ಹೋಗಬೇಕಾರೆ ಕಟ್ಕಂಡು ಹೋಗ್ಲಾ?" ಅಂದರು. ಆಮೇಲೆ, "ಪರಶುರಾಮನಿಗಾಗಿ" ಅಂದರು.

ಪರಶುರಾಮ ಅಂದು ಆಂಬುಲೆನ್ಸ್ ನಡೆಸುತ್ತಿದ್ದವನು. ನಮ್ಮ ಯಲ್ಲಾಪುರದ ಕಡೆಯ ಮರಾಠಿ ಮನೆಯವನು. ಇಬ್ಬರಿಗೂ ಮೊದಲು ಪರಿಚಯವಿರಲಿಲ್ಲ. ಗಾಡಿ ಮಗುಚಿದಾಗ ಮುಂದೆ ಕೂತವನು ಕನ್ನಡದಲ್ಲಿ ಬೈದದ್ದು ಕೇಳಿ ನಾಯ್ಕರಿಗೆ ಆ ನೋವಿನಲ್ಲೂ ಜೀವ ಬಂದಂತಾಯಿತಂತೆ. ಇನ್ನೊಂದು ಗಾಡಿ ಬರುವ ತನಕ ಪರಶುರಾಮ ಇವರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತನ್ನ ಅಂಗಿ ಹರಿದು ಸೊಂಟಕ್ಕೆ ಒತ್ತಿ ಹಿಡಿದು ಕೂತಿದ್ದ.

"ಅಂವ ಇಲ್ದಿದ್ರೆ ನಾನು ಅಲ್ಲೇ ಮಂಜಲ್ಲೇ ಹೋಗ್ತಿದ್ದೆ ಅಕ್ಕೋರೆ. ಆದ್ರೆ ಕಾಗದದಲ್ಲಿ ವಾಹನ ಅಪಘಾತ ಅಂತ ಆಯ್ತಲ. ಅಪಘಾತ ಅಂದ್ಮೇಲೆ ಮಾಡ್ದವ ಒಬ್ಬ ಬೇಕಲ. ವಿಚಾರಣೆ ಮಾಡಿ, ಅಜಾಗರೂಕತೆ ಅಂತ ಬರ್ದು, ಅಂವನ ಕೈಯಿಂದ ಗಾಡಿ ಬಿಡಿಸಿದ್ರು. ಅವಮಾನ ತಡೀದೆ ಬಿಟ್ಟು ಬಂದ. ಈಗ ಯಲ್ಲಾಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಮಾಡ್ಕಂಡಿದಾನೆ. ಸ್ಟೇರಿಂಗ್ ಮುಟ್ಟಿದ್ದೇ ಇಲ್ಲೆ ಮತ್ತೆ."

"ನೀವು ಹೇಳ್ಲಿಲ್ಲೇನು ವಿಚಾರಣೆಯೊಳಗ?"

"ಆಸ್ಪತ್ರೇಲಿ ಮಲಗಿದ್ದೆ. ನನ್ನ ಕೇಳಿದವ್ರು ಯಾರು?"

ಇದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ನಾಯ್ಕರನ್ನು ಕುಂಟ ಮಾಡಿದವನು ತಾನೇ ಎಂದು ಪರಶುರಾಮ ನಂಬಿಬಿಟ್ಟಿದ್ದ. ಮಂಜಿನಲ್ಲಿ ಸ್ಟ್ರೆಚರು ಹತ್ತಿಸಿದವರು ಬೇರೆಯವರು. ಇವನು ಮುಂದೆ ಕೂತಿದ್ದವನು, ಗಾಯ ಎಷ್ಟಿತ್ತೆಂದು ನೋಡಿರಲಿಲ್ಲ. ಗಾಡಿ ಮಗುಚಿದ ಮೇಲೆಯೇ ರಕ್ತ ಕಂಡದ್ದು. ಇವರಿಗೆ ಮೊದಲು ಆದದ್ದು ಏನೋ ಸಣ್ಣ ಗಾಯ, ಎಲುಬು ಮುರಿದದ್ದು ತನ್ನ ಗಾಡಿಯಿಂದ ಎಂದು ಅವನ ತೀರ್ಮಾನ. ನಾಯ್ಕರು ವರ್ಷಕ್ಕೊಮ್ಮೆಯಾದರೂ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗಿ ಅಲ್ಲ ಎಂದು ಹೇಳಿ ಬರುತ್ತಿದ್ದರು. ಅವನು ಚಹಾ ತರಿಸಿ ಕುಡಿಸುತ್ತಿದ್ದ, ನಂಬುತ್ತಿರಲಿಲ್ಲ.

"ನೀನು ದೊಡ್ಡ ಮನಸ್ಸಿನಂವ, ಹಂಗೇ ಹೇಳ್ತಿ, ಅಂತಾನೆ ಅಕ್ಕೋರೆ. ನೀವು ತೆಗೆದ ಮೊದ್ಲಿನ ಫೋಟೋ ತಗಂಡು ಹೋಗಿ ತೋರಿಸ್ದೆ. ಅಂವ ಎಂತ ಹೇಳ್ದ ಗೊತ್ತಾ? ಇದು ನನ್ನ ಗಾಡೀದೇ ಕಬ್ಬಿಣ ಇರಬೇಕು ಅಂದ."

ದಾಖಲೆ ಕಚೇರಿ ಬರೆದ ಮಾತನ್ನೇ ಆ ಪುಣ್ಯಾತ್ಮ ತನ್ನ ಮೇಲೆ ತಾನೇ ಬರೆದುಕೊಂಡಿದ್ದ.

"ಸರ್ಕಾರ ಬರ್ದದ್ದು ಸುಳ್ಳಾಗ್ತದಾ ಅಂತ ಕೇಳ್ತಾನೆ. ಹಂಗಾಗಿ ಸರ್ಕಾರದ ಕೈಲೇ ಬೇರೆ ಬರೆಸ್ಬೇಕು. ಪದಕ ಕೊಟ್ರೆ ಶತ್ರು ಮಾಡಿದ ಗಾಯ ಅಂತ ಒಪ್ಪಿದ ಹಾಗಲ್ದಾ?"

ಸಾಹೇಬರ ಲೆಕ್ಕದ ಪ್ರಕಾರ ಪಿಂಚಣಿಗೆ ಒದ್ದಾಡುತ್ತಿದ್ದ ಮುದುಕ ಇವರು. ಅಂದಿನಿಂದ ನಾಯ್ಕರು ಬಂದರೆ ನಾನು ಸರದಿ ನೋಡಲಿಲ್ಲ. ಸಾಹೇಬರನ್ನಂತೂ ಕೇಳಲೇ ಇಲ್ಲ.

ಒಂದು ವರ್ಷ ನಾಯ್ಕರಿಗೆ ಬೆನ್ನುನೋವು ಜೋರಾಗಿ, ಹೆಗಡೆ ಡಾಕ್ಟರು ಹುಬ್ಬಳ್ಳಿಯಲ್ಲಿ ಎಮ್ಮಾರೈ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು. ಅದು ದೊಡ್ಡ ಅಯಸ್ಕಾಂತದ ಯಂತ್ರ. ಮೈಯಲ್ಲಿ ಕಬ್ಬಿಣವಿದ್ದವರನ್ನು ಅದರೊಳಗೆ ಬಿಡುವುದಿಲ್ಲ, ಒಳಗಿನ ಕಬ್ಬಿಣ ಜಾಗ ಬಿಟ್ಟು ಎದ್ದೀತು. ಅಲ್ಲಿಯ ಹುಡುಗ ಇವರ ಹಳೆಯ ಫೋಟೋ ನೋಡಿದವನೇ, "ಅಜ್ಜಾ, ಹೊರಗೆ ನಡೀರಿ" ಎಂದು ಬಾಗಿಲವರೆಗೆ ಬಿಟ್ಟುಬಂದ. ನಾಯ್ಕರಿಗೆ ಖುಷಿ. ಕಬ್ಬಿಣ ಇದೆ ಎಂದು ಒಪ್ಪಿ ತಮ್ಮನ್ನು ಹೊರಗೆ ಹಾಕಿದ್ದಕ್ಕೆ ಚೀಟಿ ಬರೆಸಿಕೊಂಡು ಬಂದು, ಅದನ್ನೂ ಕಳಿಸಿದರು. ಕಚೇರಿಯ ಉತ್ತರ: "ಅರ್ಜಿದಾರರ ದೇಹದಲ್ಲಿ ಲೋಹವಿರುವುದನ್ನು ಈ ಕಚೇರಿ ಎಂದೂ ಅಲ್ಲಗಳೆದಿಲ್ಲ."

ನ್ಯಾಯವೇ. ಅವರು ಅಲ್ಲಗಳೆದದ್ದು ಯುದ್ಧವನ್ನು ಮಾತ್ರ.

ಮುಂದಿನದು ಕಬ್ಬಿಣ ತಾನೇ ಮಾಡಿದ ಕೆಲಸ. ಬಹಳ ವರ್ಷ ಒಳಗಿದ್ದ ಚೂರುಗಳು ಕೆಲವೊಮ್ಮೆ ನಿಧಾನವಾಗಿ ಚರ್ಮದ ಕಡೆ ಸರಿದುಬರುತ್ತವೆ. ನಾಯ್ಕರ ಸೊಂಟದ ಮೇಲೆ ಕುರು ಎದ್ದಿತು, ಜ್ವರ ಬಂತು. ಅವರ ಹೆಂಡತಿ ಗೌರಮ್ಮ ಬಲವಂತದಿಂದ ಕರೆತಂದರು. ಫೋಟೋ ತೆಗೆದು ನೋಡಿದರೆ ಆ ಹಂಚಿನ ತುಂಡಿನಂಥದು ಚರ್ಮದ ಕೆಳಗೇ ಬಂದು ನಿಂತಿದೆ. ಹೆಗಡೆ ಡಾಕ್ಟರು ಕುರು ಕೊಯ್ದು ಚೂರನ್ನು ತೆಗೆದು ತಟ್ಟೆಗೆ ಹಾಕಿದರು. ಠಣ್ ಎಂದಿತು. ಕಪ್ಪಗೆ, ಅಂಚೆಲ್ಲ ಹಲ್ಲುಹಲ್ಲಾಗಿ, ಹೆಬ್ಬೆರಳಿನ ಉಗುರಿನಷ್ಟಿತ್ತು.

ಗೌರಮ್ಮ ಅದನ್ನು ದೂರದಿಂದಲೇ ನೋಡಿ, "ಇದರ ಜೊತೆಗಾ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದು?" ಅಂದರು.

ಸುದ್ದಿ ಸಾಹೇಬರಿಗೆ ಮುಟ್ಟಿತು. ಸಾಹೇಬರು ಎಂದೂ ಇಲ್ಲದ ವೇಗದಲ್ಲಿ ಆಪರೇಷನ್ ಕೋಣೆಗೆ ಬಂದರು. "ಮೈಯಿಂದ ಸಿಡಿಗುಂಡು ತೆಗೆದ್ರೆ ಪೊಲೀಸರಿಗೆ ತಿಳಿಸ್ಬೇಕು. ನಿಯಮ ಗೊತ್ತಿಲ್ವಾ ನಿಮಗೆ?" ನಿಯಮ ನಿಜವೇ. ಹೆಗಡೆ ಡಾಕ್ಟರು, "ತಿಳಿಸಿ ಸರ್, ಅವ್ರಾದ್ರೂ ಬರಕಳ್ಳಲಿ" ಅಂದರು.

ಹೀಗೆ ಎಪ್ಪತ್ತೊಂದರ ಯುದ್ಧದ ತನಿಖೆಗೆ ನಮ್ಮ ಠಾಣೆಯಿಂದ ಒಬ್ಬ ಪೇದೆ ಬಂದ. ಪಾಪ, ವಿನಯದ ಹುಡುಗ. ನಾಯ್ಕರ ಹಾಸಿಗೆಯ ಪಕ್ಕ ಕೂತು ಪೆನ್ನು ತೆಗೆದ.

"ಘಟನೆ ನಡೆದ ಸ್ಥಳ ಎಲ್ಲಿ ಬರ್ತದ್ರಿ?"

"ಗಡಿ ಹತ್ರ."

"ಯಾವ ಗಡಿ? ಹಾವೇರಿ ಕಡೇದೋ, ಶಿವಮೊಗ್ಗ ಕಡೇದೋ?"

"ದೇಶದ್ದು ಮಾರಾಯ."

ಪೇದೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. "ಹೊಡೆದವ್ರ ಮೇಲೆ ಯಾರ ಮೇಲಾದ್ರೂ ಅನುಮಾನ ಅದೇನ್ರಿ?"

"ಎದುರಿನ ಸೈನ್ಯದ ಮೇಲೆ ಬಲವಾದ ಅನುಮಾನ ಇದೆ," ಅಂದರು ನಾಯ್ಕರು. ಜ್ವರದಲ್ಲೂ ಅವರ ಕಣ್ಣು ನಗುತ್ತಿತ್ತು.

ಪೇದೆ ಎದ್ದು ನಿಂತ. ನಗಬೇಕೋ ಸೆಲ್ಯೂಟ್ ಹೊಡೆಯಬೇಕೋ ತಿಳಿಯದೆ, ಎರಡನ್ನೂ ಅರ್ಧರ್ಧ ಮಾಡಿದ. ಕೊನೆಗೆ, "ಇದು ನಮ್ಮ ಠಾಣೆಯ ಹದ್ದಿಗೆ ಬರೂದಿಲ್ರಿ" ಎಂದು ಹೇಳಿ ಹೋದ. ಆ ಚೂರಿನ ಬಗ್ಗೆ ಒಂದು ಸರಿಯಾದ ಮಾತು ಆಡಿದ ಮೊದಲ ಸರ್ಕಾರಿ ನೌಕರ ಅವನೇ.

ಚೂರನ್ನು ಅಂಚೆಯಲ್ಲಿ ಕಳಿಸೋಣ ಎಂದು ನಾನು ಅಂದೆ. ಗೌರಮ್ಮ ಒಪ್ಪಲಿಲ್ಲ. "ಫೋಟೋ ಮಡಚಿದವ್ರು ಇದನ್ನ ಬಿಡ್ತಾರಾ? ಕಳ್ದೇ ಹಾಕ್ತಾರೆ. ನೀವೇ ಹೋಗಿ ಕೈಲಿ ಕೊಟ್ಟು, ಕೈಲೇ ಇಸ್ಕಂಡು ಬನ್ನಿ." ಹೆಗಡೆ ಡಾಕ್ಟರು ತಮ್ಮ ವರದಿಯ ಕೊನೆಗೆ, ಈ ವ್ಯಕ್ತಿಯನ್ನು ಸೈನ್ಯದ ವೈದ್ಯರೇ ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು ಎಂದು ಬರೆದರು. ಏನು ಪುಣ್ಯವೋ, ಈ ಸಲ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಕರೆ ಬಂತು. ನಾಯ್ಕರು ಔಷಧದ ಖಾಲಿ ಬಾಟಲಿಯಲ್ಲಿ ಚೂರು ಹಾಕಿಕೊಂಡು ರೈಲು ಹತ್ತಿದರು.

ತಿರುಗಿ ಬಂದ ಮೇಲೆ ನನ್ನ ಕೋಣೆಯಲ್ಲಿ ಕೂತು ಅವರೇ ಹೇಳಿದ್ದಿದು. ಸೈನಿಕ ಆಸ್ಪತ್ರೆಯ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಯಂತ್ರವಿತ್ತು. ಇವರು ದಾಟಿದ್ದೇ ಕೂಗಿತು. ಕಾವಲಿನ ಹುಡುಗ ಬಾಟಲಿ ತೆಗೆಸಿದ, ಬೆಲ್ಟು ತೆಗೆಸಿದ, ಚಪ್ಪಲಿ ತೆಗೆಸಿದ. ಪ್ರತಿ ಸಲವೂ ಕೂಗಿತು. ಕೊನೆಗೆ ಕೈಯಲ್ಲಿ ಹಿಡಿಯುವ ಯಂತ್ರ ತಂದು ಮೈಯೆಲ್ಲ ಆಡಿಸಿದರೆ, ಸೊಂಟದ ಹತ್ತಿರ ಬಂದಾಗ ಮಾತ್ರ ಕೂಗು.

"ಒಳಗೆ ಏನಿದೆ ಅಂದ. ಮಾರ್ಟರು, ಇಕಹತ್ತರ್, ಎಪ್ಪತ್ತೊಂದರದ್ದು ಅಂತ ಹಿಂದೀಲಿ ಅಂದೆ. ಹುಡುಗ ಹಿಂದೆ ಸರಿದು ಸೆಲ್ಯೂಟ್ ಹೊಡ್ದ ಅಕ್ಕೋರೆ. ನನ್ನ ಕಾಗದ ನೋಡ್ಲೇ ಇಲ್ಲ."

ಇಷ್ಟು ವರ್ಷ ಅಷ್ಟು ಜನ ಓದಿದವರಿಗೆ ಅರ್ಥವಾಗದ್ದು ಬಾಗಿಲ ಯಂತ್ರಕ್ಕೆ ಒಂದೇ ಸಲಕ್ಕೆ ಅರ್ಥವಾಯಿತು. ಅದಕ್ಕೆ ಹಳೆಯ ದಾಖಲೆ ನೋಡುವ ಅಭ್ಯಾಸವಿರಲಿಲ್ಲ.

ಮಂಡಳಿಯಲ್ಲಿ ಮೂವರು ಕೂತಿದ್ದರು. ಇಬ್ಬರು ಕಾಗದ ತಿರುವುತ್ತಿದ್ದರು. ಮೂರನೆಯವರು ಮೇಜರ್ ದರ್ಜೆಯ ಒಬ್ಬ ಡಾಕ್ಟರಮ್ಮ. ಅವರು ಕಾಗದ ಮುಟ್ಟದೆ ಬಾಟಲಿ ತೆಗೆದುಕೊಂಡು, ಚೂರನ್ನು ಅಂಗೈ ಮೇಲೆ ಉರುಳಿಸಿ ನೋಡಿದರಂತೆ.

"ಅವ್ರು ಹೇಳಿದ್ರು, ನಾನು ಉತ್ತರದ ಗಡೀಲಿ ಇದ್ದಾಗ ನಮ್ಮ ಹುಡುಗರ ಮೈಯಿಂದ ಇಂಥವನ್ನ ಎಷ್ಟೋ ತೆಗ್ದೀನಿ, ಇದು ಗಾಡಿ ಕಬ್ಬಿಣ ಅಲ್ಲ ಅಂತ. ಗಾಡಿ ತಗಡು ಬಗ್ಗತದೆ, ಹರೀತದೆ. ಇದು ಒಡೆದು ಸಿಡಿದದ್ದು. ಪಕ್ಕದವ್ರು ಹಳೇ ಕಾಗದ ಮುಂದೆ ಇಟ್ರು. ಆಯಮ್ಮ ಅದರ ಮೇಲೆ ಈ ಚೂರು ಇಟ್ಟು, ಹಂಗಾದ್ರೆ ನೀವೇ ಹೇಳಿ, ಯಾವ ಗಾಡೀಲಿ ಇದನ್ನ ಹಾಕ್ತಾರೆ ಅಂತ ಕೇಳಿದ್ರು. ಅವ್ರು ಹಳೇ ಕಾಗದ ವಾಪಸ್ ಎಳ್ಕಂಡ್ರು. ಆಮೇಲೆ ನನ್ನ ಕೇಳಿದ್ರು, ಬಾಬಾ, ನೋವಿದೆಯಾ ಇನ್ನೂ ಅಂತ."

ಅಷ್ಟು ವರ್ಷಗಳ ಅರ್ಜಿಗಳಲ್ಲಿ ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಪದಕ ಬರುವಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಅಂಚೆಯವನು ಕಾನಸೂರಿಗೆ ತಂದು, ಸಹಿ ಮಾಡಿಸಿಕೊಂಡು, ಒಂದು ಪೆಟ್ಟಿಗೆ ಕೊಟ್ಟು ಹೋದ. ಬ್ಯಾಂಡಿಲ್ಲ, ಭಾಷಣವಿಲ್ಲ. ಸಾಹೇಬರೂ ಅಷ್ಟು ಹೊತ್ತಿಗೆ ನಿವೃತ್ತರು. ಸುದ್ದಿ ಕೇಳಿ, "ನಮ್ಮ ಆಸ್ಪತ್ರೆಯಿಂದ ನಾವು ಬಹಳ ಪ್ರಯತ್ನ ಮಾಡಿದ್ವಿ" ಎಂದು ಯಾರಿಗೋ ಹೇಳಿದರಂತೆ. ಪರಶುರಾಮನ ಮೇಲೆ ಹೊರಿಸಿದ ತಪ್ಪು ಏನಾಯಿತು ಎಂದು ನಾಯ್ಕರು ಕೇಳಿ ಬರೆದದ್ದಕ್ಕೆ, ಅದು ಬೇರೆ ಕಡತ, ಬೇರೆ ಅರ್ಜಿ ಬೇಕು ಎಂದು ಉತ್ತರ ಬಂದಿತ್ತು. ನಾಯ್ಕರು ಫೋನು ಮಾಡಿದರು.

"ಅಕ್ಕೋರೆ, ಯಲ್ಲಾಪುರಕ್ಕೆ ಹೋಗ್ಬೇಕು. ನೀವೂ ಬನ್ನಿ. ಕಾಗದದಲ್ಲಿ ಬರ್ದದ್ದು ನಾನು ಓದಿದ್ರೆ ಅಂವ ನಂಬೂದಿಲ್ಲ."

ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದೆವು. ಪರಶುರಾಮನ ಅಂಗಡಿ ರಸ್ತೆ ಬದಿಯಲ್ಲಿ. ಟ್ಯೂಬುಗಳನ್ನು ತೋರಣದಂತೆ ನೇತುಹಾಕಿದ್ದ. ಸಣಕಲು ಮುದುಕ, ಕೈಯೆಲ್ಲ ಎಣ್ಣೆ. "ಬಾರೋ ಚೌಡ್ಯಾ" ಎಂದು ಸ್ಟೂಲು ಒರೆಸಿ ಕೊಟ್ಟ. ನನ್ನನ್ನು ಪರಿಚಯಿಸಿದಾಗ, "ಓ, ಫೋಟೋದವ್ರು" ಎಂದು ಕೈ ಮುಗಿದ. ನಾಯ್ಕರು ಪೆಟ್ಟಿಗೆ ತೆಗೆದು ಮುಂದೆ ಹಿಡಿದರು. ಅವನು ಕೈ ಒರೆಸಿಕೊಂಡು, ಆದರೂ ಮುಟ್ಟದೆ, ಬಾಗಿ ನೋಡಿದ.

"ಚಲೋ ಆತು ಬಿಡು. ನಿನಗ ಎಂದೋ ಬರಬೇಕಿತ್ತು."

"ಅದನ್ನ ಬಿಡು. ಅಕ್ಕೋರೆ, ಓದಿ."

ಪದಕದ ಜೊತೆಯ ಕಾಗದವನ್ನು ಬಿಡಿಸಿ ಕನ್ನಡದಲ್ಲಿ ಹೇಳಿದೆ: ಯುದ್ಧಭೂಮಿಯಲ್ಲಿ ಶತ್ರುವಿನ ಮಾರ್ಟರ್ ದಾಳಿಯಿಂದ ಸೊಂಟಕ್ಕೆ ಆದ ಗಾಯಕ್ಕಾಗಿ.

"ಇನ್ನೊಮ್ಮೆ ಓದ್ರಿ ಅಕ್ಕಾರ."

ಓದಿದೆ.

"ಗಾಡಿ ಅಂತ ಎಲ್ಲೂ ಇಲ್ಲೇನ್ರಿ?"

"ಎಲ್ಲೂ ಇಲ್ರಿ."

"ಕೆಳಗ ಸಣ್ಣ ಅಕ್ಷರದಾಗ ಏನರ ಅದ ಏನು ನೋಡ್ರಿ. ಡ್ರೈವರ್ ಅಂತ, ಅಪಘಾತ ಅಂತ?"

ಕಾಗದವನ್ನು ಅವನ ಮುಂದೆಯೇ ಹಿಡಿದು, ಸಾಲುಸಾಲಾಗಿ ಬೆರಳಿಟ್ಟು ತೋರಿಸಿದೆ. ಕೆಳಗೆ ಸಹಿ ಮತ್ತು ಮುದ್ರೆ ಬಿಟ್ಟರೆ ಏನೂ ಇರಲಿಲ್ಲ. ಪರಶುರಾಮ ಆ ಮುದ್ರೆಯನ್ನು ಬಹಳ ಹೊತ್ತು ನೋಡಿದ. ಪಂಕ್ಚರ್ ಹಾಕಿಸಲು ಬಂದವನೊಬ್ಬ ಕರೆದದ್ದು ಅವನಿಗೆ ಕೇಳಿಸಲಿಲ್ಲ. ಆಮೇಲೆ ಒಮ್ಮೆಲೇ ನಾಯ್ಕರ ಮೇಲೆ ರೇಗಿದ.

"ಮತ್ತ ಇಷ್ಟ ವರ್ಷ ನೀ ಯಾಕ ಹೇಳ್ಲಿಲ್ಲೋ ನನಗ?"

ನಾಯ್ಕರು ಬಾಯಿ ತೆರೆದು ಕೂತರು. "ಹೇಳ್ಲಿಲ್ವನೋ ನಾನು? ಪ್ರತಿ ವರ್ಷ ಬಸ್ಸಿಗೆ ಬಂದು ಎಂತ ಹೇಳ್ದೆ ಮತ್ತೆ?"

"ನೀ ಹೇಳೂದೇ ಬ್ಯಾರೆ. ನೀ ಏನ ಬೇಕಾದ್ರೂ ಹೇಳ್ತಿ." ಅಷ್ಟು ಹೇಳುವಷ್ಟರಲ್ಲಿ ಅವನ ದನಿ ಒಡೆಯಿತು. ಎಣ್ಣೆ ಕೈಯಲ್ಲೇ ಮುಖ ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು. ನಾನು ಬೀದಿಯ ಕಡೆ ತಿರುಗಿ, ಹೋಗುವ ಬರುವ ಬಸ್ಸುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಪರಶುರಾಮ ಎದ್ದು, ಪಂಕ್ಚರಿನವನಿಗೆ ನಾಳೆ ಬಾ ಎಂದು ಹೇಳಿ, ಅಂಗಡಿ ಮುಚ್ಚಿದ. ಚಹಾಕ್ಕೆಂದು ಮೂವರೂ ಹೊರಟೆವು. ನಾಯ್ಕರು ಆಮೇಲೆ ಬಸ್ಸಿನಲ್ಲಿ ಹೇಳಿದರು: ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಇವರ ಪಕ್ಕದಲ್ಲಾಗಲಿ ಹಿಂದಾಗಲಿ ನಡೆದದ್ದಿಲ್ಲವಂತೆ. ಎಲ್ಲಿಗೆ ಹೋದರೂ ನಾಲ್ಕು ಹೆಜ್ಜೆ ಮುಂದೆ, ಇವರು ಕಾಲೆಳೆಯುವುದು ಕಣ್ಣಿಗೆ ಬೀಳದ ಹಾಗೆ. ಅಂದು ಅವನು ನಾಯ್ಕರ ಎಡಗಡೆ ಬಂದು, ಅವರ ವೇಗಕ್ಕೇ ನಡೆದ. ರಸ್ತೆ ದಾಟುವಾಗ ಇವರ ಕಾಲನ್ನೇ ನೋಡುತ್ತಿದ್ದವನು ಅಂದ:

"ಏನಲೇ ಚೌಡ್ಯಾ, ಇಷ್ಟ ಕುಂಟ್ತಿ! ಯಾರರ ಚಲೋ ಡಾಕ್ಟ್ರಿಗೆ ತೋರಿಸಬಾರದೇನೋ?"

ಚೌಡಪ್ಪ ನಾಯ್ಕರು ನಡುರಸ್ತೆಯಲ್ಲೇ ನಿಂತು, ಎರಡೂ ಕಡೆಯ ಗಾಡಿಗಳು ಹಾರ್ನು ಹೊಡೆಯುತ್ತಿದ್ದರೂ, ಹೊಟ್ಟೆ ಹಿಡಿದುಕೊಂಡು ನಕ್ಕರು.